ಚಾಪೆಯ ಅಂಚಿಗೆ ಚಪ್ಪಲಿ

ದಾವಣಗೆರೆಯ ಹಳೇ ಕಾಟನ್ ಮಿಲ್ಲಿನ ಗೋಡೆಯ ಹೊರಗೆ
ಹೊಂಗೆ ಮರದಡಿ ಚಾಪೆ ಹಾಸಿದೆ.
ಚಪ್ಪಲಿ ಬಿಚ್ಚಿ, ಮೂತಿ ರಸ್ತೆಯ ಕಡೆ ತಿರುಗಿಸಿ
ಅಂಚಿಗೆ ಜೋಡಿಸಿಟ್ಟೆ.

ಆಟೋ ಇಳಿದ ಹೆಂಗಸು ದನಿ ತಗ್ಗಿಸಿ ಕೇಳಿದಳು:
'ಯಾರಾದ್ರೂ ಹೋದ್ರೇನವ್ವಾ?'
ಹಾಲಿನ ಪರಮೇಶಿ ಬೈಕು ನಿಲ್ಲಿಸಿದ:
'ಹರಿಹರದ ಬಸ್ಸು ಇಲ್ಲಿ ನಿಲ್ಲಲ್ಲಕ್ಕಾ.'
ಹೂವು ನೋಡಾಕೆ ಕುಂತೀನಿ ಅಂತ
ಇಬ್ಬರಿಗೂ ಹೇಳಲು ಬಾಯಿ ಬರಲಿಲ್ಲ.

ಚಿಗವ್ವ ಹಾಲಮ್ಮ ಮಾತ್ರ ಏನೂ ಕೇಳದೆ
ಚಾಪೆಯ ಇನ್ನೊಂದು ತುದಿಗೆ ಕೂತಳು, ಚಪ್ಪಲಿ ಸಮೇತ.
ಇಪ್ಪತ್ತೆರಡು ವರ್ಷ ಇದೇ ಗೋಡೆಯ ಒಳಗೆ
ಹರಿದ ನೂಲಿಗೆ ಗಂಟು ಹಾಕಿದವಳು.
'ಆ ದೇಶದಾಗೆ ಈಗ ಏನ್ ಮಾಡ್ತಿರ್ತಾರವ್ವಾ?'
'ಹಿಂಗೇ. ಕುಂತಿರ್ತಾರೆ.'
'ಕುಂದ್ರಾಕೆ ಅಷ್ಟು ದೂರ ಹೋದ್ಯಾ?'

ಹೋದದ್ದು ಬಟ್ಟೆ ನೋಡಲಿಕ್ಕೆ, ಚಿಗವ್ವಾ.
ಡೇಗು ಅಂತ ಊರು. ಮಗ್ಗದ ಕಾರ್ಖಾನೆ.
ದೀಪದ ಮೇಜಿನ ಮೇಲೆ ಹರಿಯುವ ಬಿಳಿ ಬಟ್ಟೆಯಲ್ಲಿ
ತಪ್ಪಿದ ಎಳೆ ಹುಡುಕಿ ಕೆಂಪು ಚೀಟಿ ಅಂಟಿಸಬೇಕು.
ಅಲ್ಲಿ ನಾನು ಚೌಡೇಶ್ವರಿಯಲ್ಲ, ಛೌದಾ-ಸ್ಸಿ.
ಮೊದಲ ಚಳಿಗಾಲ ಪೂರ್ತಿ ತಲೆ ಬಗ್ಗಿಸಿಯೇ ಕಳೆಯಿತು:
ಬಟ್ಟೆಗೊಮ್ಮೆ, ಎದುರು ಬಂದ ಹಿರಿಯರಿಗೊಮ್ಮೆ,
ಕಾಲು ಜಾರಿಸುವ ಹಿಮಕ್ಕೊಮ್ಮೆ.

ಒಂದು ಮಧ್ಯಾಹ್ನ ಯಜಮಾನ ಪೇಕ್,
ನಗುವನ್ನೂ ಲೆಕ್ಕದ ಪುಸ್ತಕಕ್ಕೆ ಬರೆದುಕೊಳ್ಳುವ ಮನುಷ್ಯ,
ಮಗ್ಗಗಳನ್ನೆಲ್ಲ ನಿಲ್ಲಿಸಿಬಿಟ್ಟ.
ಬೆಂಕಿಯೋ ಮುಷ್ಕರವೋ ಎಂದು ಬಾಗಿಲಿಗೆ ಓಡಿದರೆ
ಎಲ್ಲರ ಕಂಕುಳಲ್ಲೂ ಒಂದೊಂದು ಚಾಪೆ.
ಹೊಳೆಯ ದಂಡೆಗುಂಟ ಮರಗಳು, ಎಲೆಯೇ ಇಲ್ಲದ ಮರಗಳು,
ಹತ್ತಿ ಕಾಯಿ ಒಡೆದ ಹಾಗೆ ಒಡೆದು ನಿಂತಿದ್ದವು.
ರೂಢಿಯ ಕಣ್ಣು ಕಿರಿದು ಮಾಡಿ ಉದ್ದಕ್ಕೂ ನೋಡಿದೆ.
ಚೀಟಿ ಅಂಟಿಸುವ ಜಾಗ ಸಿಗಲಿಲ್ಲ.

ಕ್ಯಾಂಟೀನಿನ ಮಾಲ್ಸುಕ್ ಅಜ್ಜಿಗೆ ಮರದ ಗೊಡವೆಯಿಲ್ಲ.
ಕುಕ್ಕರುಗಾಲಲ್ಲಿ ಕೂತು, ತರಕಾರಿ ಚೂರಿಯಿಂದ
ಒಣಹುಲ್ಲು ಸರಿಸಿ ಸೊಪ್ಪು ಕೀಳುತ್ತಿದ್ದಳು.
ಆ ಬೆರಳು ನನಗೆ ಗೊತ್ತು ಚಿಗವ್ವಾ.
ಕೆರೆ ಏರಿಯ ಮೇಲೆ ಹುಣಸೆ ಚಿಗುರು ಬಿಡಿಸುವ ನಿನ್ನ ಬೆರಳು;
ಮಡಿಲಿಗೆ ಹಾಕುವ ಮೊದಲು ಒಂದೆಲೆ ಬಾಯಿಗೆ.

'ಮೊನ್ನೆ ನಮ್ಮ ಹೊಸ ವರ್ಷ' ಅಂದೆ, ಬರುವ ನಾಲ್ಕು ಮಾತಲ್ಲಿ.
'ಕಹಿ ತಿನ್ನಬೇಕಿತ್ತು. ಸಿಗಲಿಲ್ಲ.'
ಅವಳು ಒಂದು ಬಿಳಿ ಬೇರು ಕಿತ್ತು, ಮಣ್ಣನ್ನು ಸೆರಗಿಲ್ಲದ ಎಪ್ರನ್ನಿಗೆ ಒರೆಸಿ
ನನ್ನ ಹಲ್ಲಿನ ನಡುವೆ ತುರುಕಿದಳು.
ಸ್ಸುಂಬಾಗ್ವಿ.
ನಮ್ಮ ಬೇವಿಗೆ ದೂರದ ನೆಂಟಸ್ತಿಕೆ.
'ಮೊದಲು ಇದು. ಹೂವು ಆಮೇಲೆ.'
ಬೆಲ್ಲ ಎಲ್ಲಿಂದ ತರಲಿ? ಜೇಬಿನಲ್ಲಿದ್ದ
ಕಾಫಿಪುಡಿ, ಸಕ್ಕರೆ ಎಲ್ಲ ಬೆರೆಸಿದ ಪೊಟ್ಟಣ ಹರಿದು
ಇಬ್ಬರ ಅಂಗೈಗೂ ಸುರಿದೆ. ನೆಕ್ಕಿದೆವು.

'ವಸಂತಕ್ಕೆ ನಾವು ಬೊಮ್ ಅಂತೀವಿ' ಅಂದಳು.
'ನೋಡೋದಕ್ಕೂ ಬೊಮ್ಮೇ.
ನೀನು ಬಂದಾಗಿಂದ ತಪ್ಪು ಮಾತ್ರ ನೋಡ್ತಿದೀಯ, ಛೌದಾ.'

ಪೇಪರಿನ ಮೇಲೆ ಮಂಡಕ್ಕಿ, ಎರಡು ಬಿಸಿ ಮಿರ್ಚಿ.
ಹೊಂಗೆ ಹೂವು ಉದುರುತ್ತಲೇ ಇದೆ, ಮಂಡಕ್ಕಿಯಷ್ಟೇ ಹಗುರ,
ಮಂಡಕ್ಕಿಯಷ್ಟೇ ಗಾತ್ರ, ತುಸು ನೇರಳೆ.
ಹಾಲಮ್ಮ ನೂಲಿನ ಕಸ ಆರಿಸುವ ಹಾಗೆ
ಒಂದೊಂದೇ ಹೂವು ಹೆಕ್ಕಿ ಹೊರಗಿಡುತ್ತಾಳೆ.
ಹೆಕ್ಕುತ್ತ ಹೆಕ್ಕುತ್ತ ಕೈ ನಿಂತಿತು.
ತಲೆ ಎತ್ತಿದಳು, ತುಂಬಾ ಹೊತ್ತು.

'ನಾನು ಕೆಲಸಕ್ಕೆ ಬರುವಾಗ ಈ ಮರ ಇತ್ತಾ?'

ಇತ್ತು ಚಿಗವ್ವಾ. ಸೈರನ್ ಕೂಗುವ ಹೊತ್ತಿಗೆ
ನೀನು ಓಡುತ್ತಿದ್ದೆ.

ಅವಳು ಮೆಲ್ಲಗೆ ಚಪ್ಪಲಿ ಬಿಚ್ಚಿ
ನನ್ನವುಗಳ ಪಕ್ಕ ಇಟ್ಟಳು. ಒಂದು ಸೊಟ್ಟ.
ಖಾಲಿ ಕ್ಯಾನುಗಳ ಸದ್ದಿನೊಂದಿಗೆ ಪರಮೇಶಿ ವಾಪಸು ಬಂದ:
'ಬಸ್ಸು ಇನ್ನೂ ಬರಲಿಲ್ವಾ?'
'ಬರ್ತದೆ ಬಾರೋ' ಅಂದಳು ಹಾಲಮ್ಮ.
'ಚಪ್ಪಲಿ ಅಲ್ಲಿ ಬಿಡು.'